ಕತ್ತರಿಸಿದ ಹಾವಸೆ ಎಲೆಯ ಅಂಚಿನಲ್ಲಿ ಹಸಿರು ಎಳೆ: ಪಾಚಿಯಾ, ಎಲೆಯದ್ದೇ ಕೋಶವಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಬೆಳಗಾವಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ವಿಜ್ಞಾನ ಪ್ರದರ್ಶನಕ್ಕೆ ಅಂತ ಜುಲೈ ತಿಂಗಳಲ್ಲಿ ನಮ್ಮ ಕಾಂಪೌಂಡ್ ಗೋಡೆಯ ಹಾವಸೆ (ಮಾಸ್) ತಂದೆವು. ಮಕ್ಕಳು ಅದರ ಎಲೆ ಬಿಡಿಸಿ, ಬ್ಲೇಡಿನಿಂದ ಅಡ್ಡ ಕತ್ತರಿಸಿ, ಒದ್ದೆ ಬ್ಲಾಟಿಂಗ್ ಪೇಪರ್ ಮೇಲೆ ಇಟ್ಟರು. ವಾರ ಕಳೆದ ಮೇಲೆ ಕೆಲವು ಎಲೆಗಳ ಕತ್ತರಿಸಿದ ಅಂಚಿನಿಂದ ಹಸಿರು ದಾರದಂಥದ್ದು ಹೊರಟಿದೆ. ಉಳಿದ ಎಲೆ ಎಲ್ಲ ಕಂದು ಬಣ್ಣಕ್ಕೆ ತಿರುಗಿವೆ. ನಮ್ಮ ಲ್ಯಾಬ್ ಅಟೆಂಡರ್ ನೋಡಿ, "ಪಾಚಿ ಬಿದ್ದೈತ್ರಿ ಮೇಡಂ, ಚೆಲ್ಲಿಬಿಡ್ರಿ" ಅಂದರು. ಸಹೋದ್ಯೋಗಿಯೊಬ್ಬರು, ಇದು ಕಾಡುಬಸಳೆ ಎಲೆ ಚಿಗುರುವ ಹಾಗೆಯೇ, ಹೊಸದೇನಿಲ್ಲ ಅಂತಾರೆ. ಒಬ್ಬ ವಿದ್ಯಾರ್ಥಿನಿ ಮಾತ್ರ ಬೆನ್ನು ಬಿಡುತ್ತಿಲ್ಲ: "ಎಲೆಯ ಕೋಶ ಹಿಂದಕ್ಕೆ ಹೋಯ್ತಾ? ಅಂಚಿನ ಕೋಶಕ್ಕೆ ಮಾತ್ರ ಯಾಕೆ? ಇದು ಸ್ಟೆಮ್ ಸೆಲ್ಲಾ?" ತೀರ್ಪುಗಾರರು ಇದನ್ನೇ ಕೇಳಿದರೆ ನಾನೇನು ಹೇಳಲಿ? ಇನ್ನೊಂದು ವಿಷಯ. ಚೂರು ಎಲೆಯಿಂದಲೂ ಬೆಳೆಯುತ್ತದೆ ಅಂದ್ರೆ, ವರ್ಷ ವರ್ಷ ಗೋಡೆ ಉಜ್ಜಿಸುವ ನಾವು ಹಾವಸೆಯನ್ನು ಬಿತ್ತುತ್ತಿದ್ದೇವಾ?

ಉತ್ತರ: ಮೇಡಂ, ಆ ತಟ್ಟೆಯನ್ನು ಸದ್ಯಕ್ಕೆ ಚೆಲ್ಲಬೇಡಿ.

ನಿಮ್ಮ ಅಟೆಂಡರ್ ಸುಮ್ನೆ ಹೇಳಿದ್ದಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಒದ್ದೆ ಕಾಗದ ಎಲ್ಲಿಟ್ಟರೂ ಮೊದಲು ಬೂಷ್ಟು ಬರುತ್ತದೆ, ಅದರ ಹಿಂದೆಯೇ ಪಾಚಿ, ಅಂದರೆ ಆಲ್ಗೆ. ಆದರೆ ನೀವು ಬರೆದದ್ದರಲ್ಲಿ ಒಂದು ವಿವರ ಮುಖ್ಯ. ಎಳೆಗಳು ಹೊರಟಿರುವುದು ಕತ್ತರಿಸಿದ ಅಂಚಿನಿಂದ. ಬ್ಲೇಡ್ ಎಲ್ಲಿ ಆಡಿದೆ ಅನ್ನುವುದು ಪಾಚಿಗೆ ಗೊತ್ತಾಗುವುದಿಲ್ಲ. ಅದು ಎಲೆಯ ಮೇಲೂ ಬೆಳೆಯುತ್ತದೆ, ಪಕ್ಕದ ಕಾಗದದ ಮೇಲೂ ಬೆಳೆಯುತ್ತದೆ. ಹಾಗಾಗಿ ನಿಮ್ಮದು ಬಹುಶಃ ಪ್ರೋಟೊನೀಮಾ. ಹಾವಸೆಯ ಬೀಜಾಣು ಮೊಳೆತಾಗ ಮೊದಲು ಬರುವುದು ಇದೇ ಹಸಿರು ಎಳೆ. ನಿಮ್ಮ ತಟ್ಟೆಯಲ್ಲಿ ಅದು ಬೀಜಾಣುವಿನ ಬದಲು ಎಲೆಯ ಕೋಶದಿಂದ ಬಂದಿದೆ. ಹಾವಸೆ ತುಂಡಾಗಿ, ಎಳೆ ಬಿಟ್ಟು, ಆ ಎಳೆಯ ಮೇಲೆ ಮೊಗ್ಗು ಬಂದು ಹೊಸ ಗಿಡವಾಗುತ್ತದೆ ಅಂತ ಪಿಯು ಪಠ್ಯದಲ್ಲಿ ಒಂದು ಸಾಲು ಇದೆಯಲ್ಲ, ನಾವೆಲ್ಲ ಓದಿಸಿ ಮುಂದೆ ಹೋಗುವ ಸಾಲು. ಅದು ನಿಮ್ಮ ಮೇಜಿನ ಮೇಲೆ ನಡೆಯುತ್ತಿದೆ.

ಪ್ರದರ್ಶನಕ್ಕೆ 'ಬಹುಶಃ' ಸಾಕಾಗುವುದಿಲ್ಲ. ಕಾಲೇಜಿನ ಮಾಮೂಲಿ ಮೈಕ್ರೋಸ್ಕೋಪಿನಲ್ಲೇ ಇದನ್ನು ತೀರ್ಮಾನ ಮಾಡಬಹುದು. ಎಳೆ ಬಿಟ್ಟ ಒಂದು ಎಲೆಯನ್ನು ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿಟ್ಟು ಕವರ್‌ಸ್ಲಿಪ್ ಹಾಕಿ. ಮೊದಲು 10ರ ಲೆನ್ಸಿನಲ್ಲಿ ಎಳೆಯ ತುದಿ ಹುಡುಕಿ. ಅಲ್ಲಿಂದ ಸ್ಲೈಡನ್ನು ಮೆಲ್ಲಗೆ ಸರಿಸುತ್ತಾ ಎಳೆ ಹುಟ್ಟಿದ ಜಾಗಕ್ಕೆ ಬನ್ನಿ. ಈಗ 40ರ ಲೆನ್ಸ್ ಹಾಕಿ. ಕತ್ತರಿಸಿದ ಗೆರೆಯ ಮೇಲೆ ಒಂದು ಸಾಲು ಒಡೆದ ಕೋಶಗಳು ಕಾಣುತ್ತವೆ. ಬರೀ ಗೋಡೆ, ಒಳಗೆ ಏನೂ ಇಲ್ಲ. ಬ್ಲೇಡ್ ಕೊಂದದ್ದು ಇವನ್ನು. ಅದರ ಹಿಂದಿನ ಸಾಲಿನಲ್ಲಿ ಕೋಶಗಳು ಇಡಿಯಾಗಿವೆ, ಒಳಗೆ ದುಂಡು ದುಂಡು ಹಸಿರು ಕಾಳುಗಳು, ಅಂದರೆ ಕ್ಲೋರೋಪ್ಲಾಸ್ಟ್, ತುಂಬಿವೆ. ಎಳೆ ಹುಟ್ಟುವುದು ಈ ಎರಡನೇ ಸಾಲಿನಲ್ಲಿ. ಯಾವುದೋ ಒಂದು ಕೋಶ ಕತ್ತರಿಸಿದ ಕಡೆಗೆ ಉಬ್ಬಿರುತ್ತದೆ, ಆ ಉಬ್ಬೇ ಉದ್ದವಾಗಿ ಸತ್ತ ಕೋಶದ ಖಾಲಿ ಜಾಗ ದಾಟಿ ಹೊರಗೆ ಬಂದಿರುತ್ತದೆ. ಎಲೆಕೋಶದ ಗೋಡೆ ಎಲ್ಲೂ ಕಡಿಯದೆ ಎಳೆಯ ಗೋಡೆಯಾಗಿ ಮುಂದುವರಿದಿದ್ದು ಕಂಡರೆ ಮುಗಿಯಿತು, ಅದು ಎಲೆಯದ್ದೇ. ಫೋನನ್ನು ಐಪೀಸಿಗೆ ಹಿಡಿದು ಈ ಜಾಗದ ಫೋಟೋ ತೆಗೆದಿಡಿ. ನಿಮ್ಮ ಇಡೀ ಪ್ರಾಜೆಕ್ಟಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ.

ಪಾಚಿಯಾದರೆ ಎಳೆ ಎಲೆಯ ಮೇಲೆ ಸುಮ್ಮನೆ ಮಲಗಿರುತ್ತದೆ. ಕವರ್‌ಸ್ಲಿಪ್ಪನ್ನು ಸೂಜಿಯಿಂದ ಸ್ವಲ್ಪ ತಟ್ಟಿದರೆ ಎಲೆಯದೇ ಬೇರೆ, ಎಳೆಯದೇ ಬೇರೆ ಓಲಾಟ. ಸ್ಪೈರೋಗೈರಾ ಅನ್ನುವ ಪಾಚಿಯಲ್ಲಿ ಕ್ಲೋರೋಪ್ಲಾಸ್ಟ್ ರಿಬ್ಬನ್ ಆಗಿ ಸುತ್ತಿಕೊಂಡಿರುತ್ತದೆ. ನೀಲಿ-ಹಸಿರು ಪಾಚಿಯಲ್ಲಿ ಬಿಡಿ ಕಾಳುಗಳೇ ಕಾಣುವುದಿಲ್ಲ, ಇಡೀ ಎಳೆ ಒಂದೇ ಬಣ್ಣ. ಕಂದು ಬಣ್ಣದ ಎಳೆ, ಅಡ್ಡಗೋಡೆ ಓರೆಯಾಗಿದೆ ಅಂದರೆ ಅದು ಹಾವಸೆಯದ್ದೇ ರೈಜಾಯ್ಡ್, ಅಂದರೆ ಬೇರಿನ ಬದಲು ಅದು ಹಿಡಿದು ನಿಲ್ಲುವ ಎಳೆ. ಅದನ್ನು ಹೊಸ ಬೆಳವಣಿಗೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಇಲ್ಲೊಂದು ಎಚ್ಚರಿಕೆ. ನಮ್ಮ ಕಡೆ ಸಿಮೆಂಟ್ ಗೋಡೆಯ ಮೇಲೆ ಜಾಸ್ತಿ ಕಾಣುವ ಹಯೊಫಿಲಾ ಅನ್ನುವ ಹಾವಸೆ ಎಲೆಯ ಕಂಕುಳಲ್ಲಿ ಗೆಮ್ಮೆ ಅಂತ ಪುಟ್ಟ ಗುಳಿಗೆಯಂಥದ್ದನ್ನು ಮಾಡಿಕೊಳ್ಳುತ್ತದೆ. ಅದೂ ಒದ್ದೆಯಲ್ಲಿ ಎಳೆ ಬಿಡುತ್ತದೆ. ಎಲೆ ಕೀಳುವಾಗ ಗೆಮ್ಮೆ ಅಂಟಿಕೊಂಡು ಬಂದಿದ್ದರೆ, ಅದರ ಎಳೆಯನ್ನು ಎಲೆಯ ಎಳೆ ಅಂದುಕೊಳ್ಳುವ ಅಪಾಯ ಇದೆ. ಎಲೆ ಇಡುವ ಮುಂಚೆಯೇ ಒಮ್ಮೆ ಲೆನ್ಸಿನ ಕೆಳಗೆ ನೋಡಿಕೊಳ್ಳುವುದು ಒಳ್ಳೆಯದು.

ಕಾಡುಬಸಳೆಯ ಮಾತಿಗೆ ಬರೋಣ. ಎಲೆಯಿಂದ ಗಿಡ ಬರುತ್ತದೆ ಅನ್ನುವಷ್ಟು ಮಾತ್ರ ಎರಡಕ್ಕೂ ಸಮ. ಕಾಡುಬಸಳೆ ಎಲೆಯ ಅಂಚಿನ ಕಚ್ಚುಗಳಲ್ಲಿ ಮೊಗ್ಗಾಗಬಲ್ಲ ಕೋಶಗಳ ಗುಂಪು ಮೊದಲೇ ಕೂತಿರುತ್ತದೆ. ಎಲೆ ನೆಲಕ್ಕೆ ಬಿದ್ದಾಗ ಅದು ಎದ್ದು ಬೆಳೆಯುತ್ತದೆ, ಅಷ್ಟೇ. ಹಾವಸೆ ಎಲೆಯಲ್ಲಿ ಅಂಥ ಮೀಸಲು ಪಡೆ ಇಲ್ಲ. ನಡುನರ ಬಿಟ್ಟರೆ ಇಡೀ ಎಲೆಗೆ ಒಂದೇ ಕೋಶದ ದಪ್ಪ. ಅಂಚಿನ ಕೋಶ ಕೂಡ ಕತ್ತರಿಸುವ ಮುಂಚೆ ಪಕ್ಕದವರ ಹಾಗೆಯೇ ಬಿಸಿಲು ಹೀರಿ ಅನ್ನ ಮಾಡಿಕೊಂಡು, ವಿಭಜನೆ ನಿಲ್ಲಿಸಿ, ತನ್ನ ಪಾಡಿಗೆ ಇದ್ದ ಸಾಮಾನ್ಯ ಎಲೆಕೋಶ. ಬೆಳೆದು ನಿಂತ ಅಂಥ ಕೋಶ ತನ್ನ ಕೆಲಸ ಬಿಟ್ಟು ಬೇರೆಯದೇ ಕೋಶವಾಗುತ್ತದೆ. ನಿಮ್ಮ ಸಹೋದ್ಯೋಗಿಗೆ ಈ ವ್ಯತ್ಯಾಸ ಹೇಳಿ, ಅವರೂ ಒಪ್ಪುತ್ತಾರೆ.

ಈಗ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ. ಆ ಕೋಶದೊಳಗೆ ಏನಾಗುತ್ತದೆ ಅನ್ನುವುದನ್ನು ಅತಿ ಹೆಚ್ಚು ಬಿಡಿಸಿ ನೋಡಿರುವುದು ಫಿಸ್ಕೊಮಿಟ್ರಿಯಮ್ ಪೇಟೆನ್ಸ್ ಅನ್ನುವ ಹಾವಸೆಯಲ್ಲಿ. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಫಿಸ್ಕೊಮಿಟ್ರೆಲ್ಲಾ. ಜಗತ್ತಿನ ಲ್ಯಾಬುಗಳಲ್ಲಿ ಜಾಸ್ತಿ ಬಳಕೆಯಲ್ಲಿರುವ ತಳಿ 1962ರಲ್ಲಿ ಇಂಗ್ಲೆಂಡಿನ ಗ್ರಾನ್ಸ್‌ಡೆನ್ ಕಾಡಿನಲ್ಲಿ ಸಿಕ್ಕಿದ್ದು. 2008ರಲ್ಲಿ ಅದರ ಜೀನೋಮ್, ಅಂದರೆ ಒಟ್ಟು ಡಿಎನ್‌ಎ, ಓದಿ ಅದರ ಕರಡು ಪ್ರಕಟಿಸಿದರು. ನಿಮ್ಮ ಗೋಡೆಯದ್ದು ಇದಲ್ಲ. ಆದ್ದರಿಂದ ಗಂಟೆ, ದಿನಗಳ ಲೆಕ್ಕ ಅಲ್ಲಿಯದು ಇಲ್ಲಿಗೆ ಹೊಂದುವುದಿಲ್ಲ. ಅದರಲ್ಲಿ ಕತ್ತರಿಸಿ ಸುಮಾರು ಎರಡು ದಿನಕ್ಕೆ ಮೊದಲ ವಿಭಜನೆ ಕಾಣುತ್ತದೆ. ಗೋಡೆಯ ಹಾವಸೆ ನಿಧಾನ.

ನಡೆಯುವುದು ಹೀಗೆ. ಕತ್ತರಿಸಿದ ಅಂಚಿಗೆ ಮುಖ ಮಾಡಿದ ಕೋಶದಲ್ಲಿ ಮೊದಲು ಜೀನ್‌ಗಳ ಕೆಲಸ ಬದಲಾಗುತ್ತದೆ. ಸೈಕ್ಲಿನ್-ಡಿ ಅನ್ನುವ ಪ್ರೋಟೀನ್ ತಯಾರಾಗುತ್ತದೆ. ಅದರ ಜೊತೆಗಾರ ಸಿಡಿಕೆಎ ಅನ್ನುವ ಕಿಣ್ವ ಚುರುಕಾಗುತ್ತದೆ. ಇವೆರಡೂ ನಿಂತುಹೋಗಿದ್ದ ಕೋಶವಿಭಜನೆಯ ಚಕ್ರವನ್ನು ಮತ್ತೆ ತಿರುಗಿಸುವ ಪ್ರೋಟೀನುಗಳು. ಇನ್ನೊಂದು ಕಡೆ ಕೋಶದ ಗೋಡೆ ಒಂದು ಜಾಗದಲ್ಲಿ ಸಡಿಲವಾಗಬೇಕು. ಇಲ್ಲವಾದರೆ ಉಬ್ಬು ಬರುವುದೇ ಇಲ್ಲ. ಇದಕ್ಕೆ ವಾಕ್ಸ್-13 ಗುಂಪಿನ ಎರಡು ಜೀನ್‌ಗಳು ಬೇಕು ಅಂತ 2014ರಲ್ಲಿ ಗೊತ್ತಾಯಿತು. ಆ ಜೀನ್‌ಗಳನ್ನು ತೆಗೆದುಹಾಕಿದ ಹಾವಸೆಯಲ್ಲಿ ಗೋಡೆ ಸಡಿಲಿಸುವ ಜೀನ್‌ಗಳು ಏಳುವುದಿಲ್ಲ, ಕೋಶ ಬೆಳೆಯುವುದಿಲ್ಲ. ಎಲ್ಲ ಸರಿ ಇದ್ದರೆ ಕೋಶ ಒಂದು ಕಡೆ ಉಬ್ಬುತ್ತದೆ. ಇದು ಮಾಮೂಲಿ ಎಲೆಕೋಶದ ಬೆಳವಣಿಗೆ ಅಲ್ಲ. ಎಲೆಕೋಶ ಎಲ್ಲ ಕಡೆ ಹಿಗ್ಗುತ್ತದೆ. ಇದು ತುದಿಯಲ್ಲಿ ಮಾತ್ರ ಉದ್ದವಾಗುತ್ತದೆ, ಪ್ರೋಟೊನೀಮಾ ಬೆಳೆಯುವ ರೀತಿಯಲ್ಲಿ. ಆಮೇಲೆ ಅಡ್ಡಗೋಡೆ ಬಿದ್ದು ಕೋಶ ಎರಡಾಗುತ್ತದೆ. ಆಗ ತುದಿಗೆ ಬಂದ ಕೋಶವೇ ಮುಂದೆ ವಿಭಜನೆ ಆಗುತ್ತಾ ಎಳೆ ಕಟ್ಟುತ್ತದೆ.

ನಾನು ಪಾಠ ಮಾಡುವಾಗ ಯಾವಾಗಲೂ ಹೇಳುವ ಪ್ರಯೋಗ ಒಂದಿದೆ. 2011ರಲ್ಲಿ ಜಪಾನಿನ ಮಿತ್ಸುಯಾಸು ಹಸೆಬೆ ಅವರ ತಂಡ ಮಾಡಿದ್ದು. ವಿಭಜನೆ ಆಗಿದ್ದರಿಂದ ಕೋಶದ ಸ್ವಭಾವ ಬದಲಾಯಿತಾ, ಸ್ವಭಾವ ಬದಲಾಗಿದ್ದರಿಂದ ವಿಭಜನೆ ಆಯಿತಾ? ನಿಮ್ಮ ಹುಡುಗಿಗೆ ಮುಂದೆ ಹೊಳೆಯುವ ಪ್ರಶ್ನೆ ಇದೇ. ಅವರು ಡಿಎನ್‌ಎ ನಕಲಾಗುವುದನ್ನು ತಡೆಯುವ ಅಫಿಡಿಕೋಲಿನ್ ಅನ್ನುವ ಔಷಧ ಹಾಕಿದರು. ವಿಭಜನೆ ನಿಂತಿತು. ಆದರೆ ಕೋಶ ಮಾತ್ರ ಉಬ್ಬಿ ತುದಿಯಿಂದ ಬೆಳೆಯಿತು, ಪ್ರೋಟೊನೀಮಾದ ಜೀನ್‌ಗಳೂ ಎದ್ದವು. ಅಂದರೆ ಸ್ವಭಾವ ಬದಲಾಗಲು ವಿಭಜನೆ ಮುಗಿಯಬೇಕಾಗಿಲ್ಲ. ಬೇರೆ ಎಲೆಗಳಲ್ಲಿ ಸಿಡಿಕೆಎ ಕಿಣ್ವವನ್ನೇ ತಡೆದರು. ಆಗ ಎರಡೂ ನಿಂತವು. ಒಂದೇ ಕಿಣ್ವ ಎರಡೂ ಕೆಲಸವನ್ನು ಕೂಡಿಸಿ ನಡೆಸುತ್ತದೆ ಅಂತ ಇದರಿಂದ ತಿಳಿಯಿತು.

"ಹಿಂದಕ್ಕೆ ಹೋಯ್ತಾ?" ಒಂದು ಅರ್ಥದಲ್ಲಿ ಹೌದು. ಪ್ರೋಟೊನೀಮಾ ಹಾವಸೆಯ ಬಾಲ್ಯ, ಎಲೆ ಆಮೇಲಿನದು. ಆದರೆ ಕೋಶ ತಾನು ಹುಟ್ಟಿದ ದಾರಿಯಲ್ಲಿ ಒಂದೊಂದೇ ಮೆಟ್ಟಿಲು ವಾಪಸ್ ಇಳಿಯುವುದಿಲ್ಲ. ಬೀಜಾಣು ಆಗುವುದಿಲ್ಲ. ಗಜ್ಜರಿಯ ತುಂಡನ್ನು ಟಿಶ್ಯೂ ಕಲ್ಚರಿಗೆ ಹಾಕಿದಾಗ ಬರುವಂಥ ಆಕಾರವಿಲ್ಲದ ಗಡ್ಡೆ ಕೂಡ ಇಲ್ಲಿ ನಡುವೆ ಬರುವುದಿಲ್ಲ. ಎಲೆಕೋಶ ನೇರವಾಗಿ ಎಳೆಯ ತುದಿಕೋಶ ಆಗುತ್ತದೆ. ವರ್ಣತಂತುವಿನ ಲೆಕ್ಕವೂ ಬದಲಾಗುವುದಿಲ್ಲ. ಹಾವಸೆ ಗಿಡದ ಕೋಶದಲ್ಲಿ ಮೊದಲೇ ವರ್ಣತಂತುವಿನ ಒಂದೇ ಸೆಟ್ (ಹ್ಯಾಪ್ಲಾಯ್ಡ್), ಎಳೆಯಲ್ಲೂ ಒಂದೇ ಸೆಟ್. ಇದರ ಇನ್ನೊಂದು ಮುಖ 1876ರಲ್ಲೇ ಕಂಡಿತ್ತು. ಜರ್ಮನಿಯ ಪ್ರಿಂಗ್ಸ್‌ಹೈಮ್ ಮತ್ತು ಸ್ಟಾಲ್, ಇಬ್ಬರೂ ಹಾವಸೆಯ ಬೀಜಾಣುಕೋಶ ಹೊತ್ತು ನಿಲ್ಲುವ ದಂಟನ್ನು ಕತ್ತರಿಸಿ ಒದ್ದೆಯಲ್ಲಿಟ್ಟರು. ಆ ದಂಟಿನಿಂದಲೂ ಪ್ರೋಟೊನೀಮಾ ಬಂತು. ದಂಟಿಗೆ ಇರುವುದು ಎರಡು ಸೆಟ್ ವರ್ಣತಂತು. ಅದರಿಂದ ಬೆಳೆದ ಗಿಡದಲ್ಲೂ ಎರಡು ಸೆಟ್ ಇರುತ್ತದೆ ಅಂತ ಮುಂದೆ 1907ರಿಂದ ಬೆಲ್ಜಿಯಂನ ಮಾರ್ಷಲ್ ತಂದೆ-ಮಗ ತೋರಿಸಿದರು. ಕೋಶ ಯಾವ ಕೆಲಸ ಮಾಡುತ್ತದೆ ಅನ್ನುವುದಕ್ಕೂ ಅದರಲ್ಲಿ ಎಷ್ಟು ಸೆಟ್ ವರ್ಣತಂತು ಇವೆ ಅನ್ನುವುದಕ್ಕೂ ಗಂಟು ಇಲ್ಲ. ತೀರ್ಪುಗಾರರು ಸಸ್ಯಶಾಸ್ತ್ರದವರಾದರೆ ಈ ಉದಾಹರಣೆ ಕೊಡಿ, ಖುಷಿಯಾಗುತ್ತಾರೆ.

ಹಾಗಾದರೆ ಬದಲಾದದ್ದು ಏನು? ಪ್ರೋಟೊನೀಮಾ ಆಗಲು ಬೇಕಾದ ಜೀನ್‌ಗಳು ಎಲೆಕೋಶದಲ್ಲೂ ಇವೆ. ಪುಸ್ತಕದ ಕೆಲವು ಪುಟಗಳಿಗೆ ಅಂಟು ಹಚ್ಚಿ ಮುಚ್ಚಿಟ್ಟ ಹಾಗೆ, ಅವನ್ನು ಓದದಂತೆ ಮಾಡಿರುತ್ತದೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಮೇಲೆ ಬೀಳುವ ಒಂದು ಬಗೆಯ ಮೀಥೈಲ್ ಗುರುತು ಆ ಅಂಟು. 2019ರಲ್ಲಿ ಹಸೆಬೆ ಅವರದೇ ತಂಡ ಸ್ಟೆಮಿನ್ ಅನ್ನುವ ಜೀನನ್ನು ವರದಿ ಮಾಡಿತು. ಎಲೆ ಕತ್ತರಿಸಿದಾಗ ಈ ಜೀನ್ ಏಳುತ್ತದೆ. ಅದರಿಂದ ಕೆಲವು ಜೀನ್‌ಗಳ ಮೇಲಿನ ಆ ಗುರುತು ಕಡಿಮೆಯಾಗುತ್ತದೆ, ಅದೂ ಕೋಶ ವಿಭಜನೆಗೆ ಮುಂಚೆಯೇ. ಇನ್ನೂ ಸ್ವಾರಸ್ಯ ಏನೆಂದರೆ, ಎಲೆಯನ್ನು ಕತ್ತರಿಸದೆ, ಗಿಡದ ಮೇಲೆ ಇದ್ದಂತೆಯೇ ಈ ಜೀನನ್ನು ಎಬ್ಬಿಸಿದರೂ ಎಲೆಕೋಶಗಳು ಬದಲಾದವು. ಮರುವರ್ಷ ಇನ್ನೊಂದು ದಾರಿಯೂ ಸಿಕ್ಕಿತು. ಡಿಎನ್‌ಎ ಎಳೆಯನ್ನು ಸ್ವಲ್ಪ ಹೊತ್ತು ಮಾತ್ರ ಮುರಿಯುವ ರಾಸಾಯನಿಕ ಹಾಕಿ ತೊಳೆದರೆ, ಗಾಯವೇ ಇಲ್ಲದ ಎಲೆಯಲ್ಲೂ ಕೋಶಗಳು ಎಳೆ ಬಿಡುತ್ತವೆ. ಆದ್ದರಿಂದ ಚಾರ್ಟಿನಲ್ಲಿ 'ಗಾಯ ಮಾಯುವ ಕ್ರಿಯೆ' ಅಂತ ಬರೆಯಬೇಡಿ. ಎಲೆಯ ಗಾಯ ಮಾಯುವುದೂ ಇಲ್ಲ, ಕತ್ತರಿಸಿದ ಎಲೆ ಮತ್ತೆ ಇಡೀ ಎಲೆ ಆಗುವುದೂ ಇಲ್ಲ. ಗಾಯ ಒಂದು ನೆಪ.

ಅಂಚಿನ ಕೋಶಕ್ಕೆ ಮಾತ್ರ ಯಾಕೆ? ಎಲೆಯೊಳಗಿನ ಕೋಶಗಳು ಸಣ್ಣ ರಂಧ್ರಗಳ ಮೂಲಕ ಒಂದಕ್ಕೊಂದು ಕೂಡಿಕೊಂಡಿವೆ. ಅಂಚಿನದಕ್ಕೆ ಒಂದು ಕಡೆಯ ನೆರೆಯವರು ಸತ್ತಿದ್ದಾರೆ. ನೆರೆಯವರಿಂದ ಕೋಶಕ್ಕೆ ತಡೆ ಇದೆ ಅನ್ನುವುದಕ್ಕೆ 2017ರ ಒಂದು ಪ್ರಯೋಗ ಒಳ್ಳೆಯ ಸಾಕ್ಷಿ. ಎಲೆಯಲ್ಲಿ ಒಂದೇ ಕೋಶ ಉಳಿಸಿ ಸುತ್ತಲಿನದೆಲ್ಲ ಕೊಂದರೆ, ಆ ಒಂಟಿ ಕೋಶ ಎಳೆ ಬಿಡುತ್ತದೆ. ಅಕ್ಕಪಕ್ಕದ ಎರಡು ಕೋಶ ಉಳಿಸಿದರೆ ಸಾಮಾನ್ಯವಾಗಿ ಒಂದು ಮಾತ್ರ ಬದಲಾಗುತ್ತದೆ. ಮೊದಲು ಹೊರಟದ್ದು ಪಕ್ಕದ್ದನ್ನು ತಡೆಯುತ್ತದೆ. ನಿಮ್ಮ ಎಲೆಗಳ ಅಂಚಿನಲ್ಲೂ ಎಲ್ಲ ಕೋಶ ಎಳೆ ಬಿಟ್ಟಿರಲಾರದು, ನಡುನಡುವೆ ಬಿಟ್ಟು ಬಿಟ್ಟು ಬಂದಿರುತ್ತದೆ. ಮಕ್ಕಳು ಅದನ್ನು ಪ್ರಯೋಗ ಕೆಟ್ಟಿದೆ ಅಂದುಕೊಳ್ಳುವುದು ಬೇಡ. ಎಷ್ಟು ಕೋಶಕ್ಕೆ ಒಂದು ಎಳೆ ಅಂತ ಎಣಿಸಲಿ, ಅದೇ ಒಂದು ಗ್ರಾಫ್ ಆಗುತ್ತದೆ.

ಸ್ಟೆಮ್ ಸೆಲ್ ಹೌದಾ? ಹೌದು, ಧೈರ್ಯವಾಗಿ ಹೇಳಿ. ತನ್ನನ್ನೇ ಉಳಿಸಿಕೊಳ್ಳುತ್ತಾ ಬೇರೆ ಕೋಶಗಳನ್ನು ಕೊಡುವ ಕೋಶ ಅನ್ನುವ ಅರ್ಥದಲ್ಲಿ ಎಳೆಯ ತುದಿಕೋಶ ಸ್ಟೆಮ್ ಸೆಲ್. 2017ರಲ್ಲಿ ಹಾವಸೆಯ ಈ ಬದಲಾವಣೆಗೆ ನೆರವಾಗುವ ಸಿಎಸ್‌ಪಿ-1 ಅನ್ನುವ ಪ್ರೋಟೀನ್ ಸಿಕ್ಕಿತು. 2007ರಲ್ಲಿ ಮನುಷ್ಯನ ಚರ್ಮದ ಕೋಶವನ್ನು ಸ್ಟೆಮ್ ಸೆಲ್ ಮಾಡಲು ಅಮೆರಿಕದಲ್ಲಿ ಬಳಸಿದ ನಾಲ್ಕರಲ್ಲಿ ಒಂದಾದ ಲಿನ್-28 ಪ್ರೋಟೀನಿಗೂ ಇದಕ್ಕೂ ಹೋಲಿಕೆ ಇದೆ. ಇಷ್ಟು ಕೇಳಿದ ಕೂಡಲೇ ಪಾಲಕರಲ್ಲಿ ಯಾರಾದರೂ "ಹಂಗಾದ್ರ ಇದರ ಔಷಧಿ ಬರತೈತೇನ್ರಿ" ಅಂತ ಕೇಳುತ್ತಾರೆ. ಇಲ್ಲ. ಹಾವಸೆಯ ಕೋಶ ಮನುಷ್ಯನ ಮೈಯಲ್ಲಿ ಏನೂ ಆಗುವುದಿಲ್ಲ. ಸಸ್ಯ ಸ್ಟೆಮ್ ಸೆಲ್ ಅಂತ ಬರೆದು ಮಾರುವ ಕ್ರೀಮುಗಳಿಗೂ ನಿಮ್ಮ ತಟ್ಟೆಯಲ್ಲಿ ನಡೆಯುತ್ತಿರುವುದಕ್ಕೂ ಸಂಬಂಧ ಇಲ್ಲ.

ಇನ್ನು ಕಂದಾದ ಎಲೆಗಳು. ಹಾವಸೆ ಎಲೆ ಒಂದೇ ಕೋಶದ ದಪ್ಪ, ಮೇಲೆ ಮೇಣದ ಹೊದಿಕೆ ಹೆಸರಿಗೆ ಮಾತ್ರ. ನೀರಿನಲ್ಲಿ ಏನಿದೆಯೋ ಅದು ನೇರ ಒಳಗೆ ಹೋಗುತ್ತದೆ. ನಲ್ಲಿ ನೀರು ಬಳಸಿದ್ದರೆ ಅದರ ಕ್ಲೋರಿನ್ ಸಾಕು. ವಿಜಯಪುರ, ಬಾಗಲಕೋಟೆ ಕಡೆಯ ಶಿಕ್ಷಕರು ಇದನ್ನು ಮಾಡುವುದಾದರೆ ಸವಳು ಬೋರ್‌ವೆಲ್ ನೀರು ಇನ್ನೂ ಕೆಟ್ಟದ್ದು. ಮಳೆನೀರು ಹಿಡಿದು ಕುದಿಸಿ ಆರಿಸಿ ಬಳಸಿ. ಇನ್ನೊಂದು ಕಾರಣ ಎಲೆಯ ವಯಸ್ಸು. ಗಿಡದ ಬುಡದ ಹಳೆಯ ಎಲೆ ಬೇಡ, ತುದಿಯ ಹತ್ತಿರದ ಪೂರ್ತಿ ಬಿಚ್ಚಿಕೊಂಡ ಹಸಿರು ಎಲೆ ತೆಗೆಯಿರಿ. ಫೋರ್ಸೆಪ್ಸ್ ಎಲೆಯ ಬುಡ ಮಾತ್ರ ಹಿಡಿಯಲಿ. ನಡುವೆ ಹಿಡಿದರೆ ಅಲ್ಲಿನ ಕೋಶ ಜಜ್ಜಿಹೋಗುತ್ತವೆ. ಮತ್ತೆ ಕಿಟಕಿಯ ನೇರ ಬಿಸಿಲು. ಮುಚ್ಚಿದ ತಟ್ಟೆ ಅರ್ಧ ಗಂಟೆಯಲ್ಲಿ ಒಲೆಯಾಗುತ್ತದೆ. ಬೆಳಕು ಬೇಕೇ ಬೇಕು, ಆದರೆ ಟ್ಯೂಬ್‌ಲೈಟಿನ ಕೆಳಗೆ ಅಥವಾ ಉತ್ತರದ ಕಿಟಕಿ ಹತ್ತಿರ, 25 ಡಿಗ್ರಿ ಆಸುಪಾಸು. ಬೆಳಗಾವಿಯ ಮಳೆಗಾಲದಲ್ಲಿ ಅದಕ್ಕಾಗಿ ಏನೂ ಮಾಡಬೇಕಾಗಿಲ್ಲ.

ಮತ್ತೆ ಮಾಡುವುದಾದರೆ ಬ್ಲಾಟಿಂಗ್ ಪೇಪರ್ ದಾರಿ ಅಗ್ಗ, ಮಕ್ಕಳ ಕೈಗೆ ಸುಲಭ. ಬೂಷ್ಟಿನ ಅಪಾಯ ಇದ್ದೇ ಇರುತ್ತದೆ, ಆದ್ದರಿಂದ ತಟ್ಟೆ ಜಾಸ್ತಿ ಇಡಿ, ಒಂದೊಂದರಲ್ಲಿ ಎಲೆ ಕಡಿಮೆ ಇಡಿ. ಅಗರ್ ದಾರಿ ಚೊಕ್ಕಟ. ಲ್ಯಾಬಿನಲ್ಲಿ ಅಗರ್ ಇಲ್ಲದಿದ್ದರೆ ಕಿರಾಣಿ ಅಂಗಡಿಯ ಚೈನಾ ಗ್ರಾಸ್ ನಡೆಯುತ್ತದೆ, ಸಕ್ಕರೆ, ಬಣ್ಣ, ಪರಿಮಳ ಸೇರಿಸದ್ದು ಬೇಕು. ಲೀಟರಿಗೆ 8ರಿಂದ 10 ಗ್ರಾಂ. ಅದಕ್ಕೆ ನಾಪ್ ದ್ರಾವಣದ, ಅಂದರೆ ಗಿಡಕ್ಕೆ ಪೋಷಣೆ ಕೊಡುವ ದ್ರಾವಣದ, ಲವಣ ಹಾಕಿ: ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 1 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, ಪೊಟ್ಯಾಸಿಯಂ ಕ್ಲೋರೈಡ್, ಮೆಗ್ನೀಸಿಯಂ ಸಲ್ಫೇಟ್ ಕಾಲು ಕಾಲು ಗ್ರಾಂ, ಫೆರಸ್ ಸಲ್ಫೇಟ್ 12.5 ಮಿಲಿಗ್ರಾಂ. ಪ್ರೆಶರ್ ಕುಕ್ಕರಿನಲ್ಲಿ 20 ನಿಮಿಷ ಇಟ್ಟು ತಟ್ಟೆಗೆ ಸುರಿಯಿರಿ. ಸಕ್ಕರೆ ಮಾತ್ರ ಹಾಕಬೇಡಿ. ಎಲೆ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ, ಸಕ್ಕರೆ ಹಾಕಿದರೆ ಉಣ್ಣುವುದು ಬೂಷ್ಟು. ಇಲ್ಲಿ ಅಪಾಯ ಏನೆಂದರೆ, ಲವಣ ಸಿಕ್ಕ ಪಾಚಿಯೂ ಜೋರಾಗಿ ಬೆಳೆಯುತ್ತದೆ. ಎಲೆಯನ್ನು ಬ್ಲೀಚಿನಲ್ಲಿ ಅದ್ದಿ ಶುದ್ಧ ಮಾಡುವ ದಾರಿಯನ್ನು ಕೆಲವರು ಹೇಳುತ್ತಾರೆ. ಪಿಯು ಮಟ್ಟದಲ್ಲಿ ನಾನು ಅದನ್ನು ಹೇಳುವುದಿಲ್ಲ. ಪಾಚಿ ಸಾಯುವಷ್ಟರಲ್ಲಿ ಒಂದೇ ಕೋಶದ ಎಲೆ ಸತ್ತಿರುತ್ತದೆ. ಅದರ ಬದಲು ಹಾವಸೆಯನ್ನು ಮಳೆನೀರಿನಲ್ಲಿ ನಾಲ್ಕಾರು ಸಲ ಜಾಲಿಸಿ, ಮುಚ್ಚಿದ ಡಬ್ಬಿಯಲ್ಲಿ ಎರಡು ಮೂರು ವಾರ ಬೆಳೆಸಿ, ಆಗ ಬಂದ ಹೊಸ ಚಿಗುರಿನ ಎಲೆ ತೆಗೆಯಿರಿ. ಕೊಳೆ ಅರ್ಧಕ್ಕರ್ಧ ಕಡಿಮೆ ಆಗುತ್ತದೆ.

ಯಾವ ಹಾವಸೆ ಅನ್ನುವುದೂ ಮುಖ್ಯ. ಹಯೊಫಿಲಾದ ಎಲೆಕೋಶ ಚಿಕ್ಕದು, ಮಬ್ಬು. ಹೂಕುಂಡದ ಮಣ್ಣಿನ ಮೇಲೆ ಬರುವ ಬ್ರಯಮ್ ಅಥವಾ ಫ್ಯುನೇರಿಯಾ ಅನ್ನುವ ಹಾವಸೆ ಸಿಕ್ಕರೆ ಕೋಶ ದೊಡ್ಡದು, ಗಾಜಿನಂತೆ ಒಳಗೆಲ್ಲ ಕಾಣುತ್ತದೆ.

ಮತ್ತೆ ಇದನ್ನು ಬಿಡಲೇಬೇಡಿ: ಹೋಲಿಕೆಗೆ ಬೇರೆ ತಟ್ಟೆಗಳು ಬೇಕು. ಒಂದರಲ್ಲಿ ಗಿಡಕ್ಕೆ ಅಂಟಿಕೊಂಡೇ ಇರುವ ಇಡೀ ಎಲೆ. ಒಂದರಲ್ಲಿ ಕಿತ್ತ, ಆದರೆ ಕತ್ತರಿಸದ ಎಲೆ. ಇದರ ಬುಡದಲ್ಲಿ ಎಳೆ ಬರಬಹುದು, ಕಿತ್ತ ಜಾಗವೂ ಗಾಯವೇ ಅಲ್ವಾ. ಇನ್ನೊಂದರಲ್ಲಿ ಕತ್ತರಿಸಿ ಕುದಿಯುವ ನೀರಿನಲ್ಲಿ ಅದ್ದಿದ ಸತ್ತ ಎಲೆ. ಕೊನೆಯದರಲ್ಲಿ ಎಲೆಯೇ ಇಲ್ಲದ ಬರೀ ಕಾಗದ. ಸತ್ತ ಎಲೆಯ ತಟ್ಟೆಯಲ್ಲೂ ಬರೀ ಕಾಗದದಲ್ಲೂ ಹಸಿರು ಬಂದರೆ ಅಟೆಂಡರ್ ಮಾತು ನಿಜ. ಜೀವಂತ ಎಲೆಯ ಅಂಚಿನಲ್ಲಿ ಮಾತ್ರ ಬಂದರೆ ನಿಮ್ಮದು ನಿಜ. ಎಂಥ ತೀರ್ಪುಗಾರರೂ ಇದರ ಮುಂದೆ ಜಾಸ್ತಿ ವಾದ ಮಾಡುವುದಿಲ್ಲ.

ಗೋಡೆಯ ವಿಷಯ. ಹೌದು, ಒಂದು ಮಟ್ಟಿಗೆ ನೀವು ಬಿತ್ತುತ್ತಿದ್ದೀರಿ. ಒಣಗಿದ ಹಾವಸೆಯನ್ನು ಬೇಸಿಗೆಯಲ್ಲಿ ತಂತಿ ಬ್ರಷ್‌ನಿಂದ ಉಜ್ಜಿದರೆ ಅದು ಪುಡಿಯಾಗಿ ಗೋಡೆಯ ಸಂದಿಗಳಲ್ಲಿ ಕೂರುತ್ತದೆ. ಹಲವು ಹಾವಸೆಗಳು ಒಣಗಿದರೂ ಸಾಯುವುದಿಲ್ಲ, ಜೂನ್ ಮಳೆ ಬಿದ್ದಾಗ ಆ ಪುಡಿಯಲ್ಲೇ ಎಳೆ ಏಳುತ್ತದೆ. ಬೀಜಾಣು ಗಾಳಿಯಲ್ಲಿ ಹೇಗೂ ಬರುತ್ತದೆ, ಆದ್ದರಿಂದ ಉಜ್ಜುವುದು ಬಿಟ್ಟರೆ ಹಾವಸೆ ಬರುವುದಿಲ್ಲ ಅಂತಲ್ಲ. ಬೇರು ಇಳಿದು ಗೋಡೆ ಸೀಳುತ್ತದೆ ಅನ್ನುವುದು ತಪ್ಪು. ಹಾವಸೆಗೆ ಬೇರಿಲ್ಲ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಗಿಲಾವು ಹಾಳಾಗುವುದು ಆ ತೇವದಿಂದ. ಹೆಚ್ಚಿನ ಕಡೆ ಮೂಲ ಕಾರಣ ಸೋರುವ ಪೈಪು, ಇಳಿಜಾರಿಲ್ಲದ ಗೋಡೆ ತಲೆ, ಇಲ್ಲವೇ ಬಿಸಿಲು ತಡೆಯುವ ಮರದ ಕೊಂಬೆ. ಅದನ್ನು ಸರಿ ಮಾಡದೆ ಏನೇ ಹಾಕಿದರೂ ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಮಕ್ಕಳು ಜಾರಿ ಬೀಳುವ ಮೆಟ್ಟಿಲು, ನಡೆಯುವ ದಾರಿ ಬಿಟ್ಟು ಉಳಿದ ಕಡೆ ಹಾವಸೆಯನ್ನು ಇರಲು ಬಿಡಿ ಅನ್ನುವುದು ನನ್ನ ಅಭಿಪ್ರಾಯ. ತೆಗೆಯಲೇಬೇಕಾದಲ್ಲಿ ಒದ್ದೆ ಇರುವಾಗ ಚಪ್ಪಟೆ ಕರಣೆಯಿಂದ ಎಬ್ಬಿಸಿದರೆ ಹಾಳೆಯಂತೆ ಏಳುತ್ತದೆ, ಪುಡಿ ಆಗುವುದಿಲ್ಲ. ನೀರು ಹಾಯಿಸಿ ಗೋಡೆಗುಂಟ ಕೆಳಗೆ ತೊಳೆಯಬೇಡಿ, ಬುಟ್ಟಿಗೆ ತುಂಬಿ ಬಿಸಿಲು ಬೀಳುವ ಒಣ ಜಾಗಕ್ಕೆ ಹಾಕಿಸಿ. ಬ್ಲೀಚಿಂಗ್ ಪೌಡರ್ ನೀರು ಉಳಿದ ಎಳೆಗಳನ್ನು ಕೊಲ್ಲುತ್ತದೆ, ಆದರೆ ಗೇಟಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಬುಡದ ಗಿಡಗಳನ್ನೂ ಸುಡುತ್ತದೆ. ಕಕ್ಕಸು ತೊಳೆಯುವ ಆ್ಯಸಿಡ್ ಸುರಿಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದು ಸಿಮೆಂಟನ್ನೂ ಸುಣ್ಣದ ಗಾರೆಯನ್ನೂ ತಿನ್ನುತ್ತದೆ. ಮೈ ಒರಟಾದ ಗೋಡೆ ಹಾವಸೆಗೆ ಇನ್ನೂ ಒಳ್ಳೆಯ ನೆಲ. ಬ್ಲೀಚಿಂಗ್ ಹಾಕಿದ ಜಾಗಕ್ಕೆ ಆ್ಯಸಿಡ್ ತಾಗಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಕೆಲಸದವರಿಗೆ ಇದನ್ನು ನೀವೇ ನಿಂತು ಹೇಳಿ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಯಾರೂ ಓದುವುದಿಲ್ಲ.